ಬಾಗಿಲು ತೆರೆಯುವಷ್ಟು ಕಾಯಿಲೆ

ಏರುನಗರ
ಎರಡನೆಯ ಆಷಾಢ, ಸೋಮವಾರ, ಕ್ರಿ.ಶ. 2216

ನನಗಿಂತ ಎಷ್ಟೋ ತಲೆಮಾರು ಹಿಂದಿರುವ ಹಿರಿಯರಿಗೆ,

ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹುಟ್ಟಿದ ಕಾಲದ ಮಾತನ್ನೇ ಆಡಬೇಕಲ್ಲ. ನಾನು ತುಳಸಿ ಹರಿಕಂತ್ರ. ಅಂಕೋಲೆಯ ನಮ್ಮ ಕೇರಿಯನ್ನು ಸಮುದ್ರ ನುಂಗಿದ ಮೇಲೆ ಗುಡ್ಡದ ಮೇಲಿನ ಈ ಊರಿಗೆ ಬಂದೆವು. ಇಲ್ಲಿಯವರು ನಮ್ಮನ್ನು ‘ತೇಲಿಬಂದವರು’ ಅನ್ನುತ್ತಾರೆ. ನಾವು ಬಂದಿದ್ದು ಬಸ್ಸಿನಲ್ಲಿ, ಆದರೂ ಹೆಸರು ಅದೇ.

ಇಲ್ಲಿ ಹುಟ್ಟಿದವರಿಗೆ ‘ಆಸರೆ’ ಇದೆ. ನಿಮ್ಮ ಕಾಲದ ಆರೋಗ್ಯ ವಿಮೆಯಂಥದ್ದು. ಅವರು ಕೆಮ್ಮು ಬಂದರೂ ಆಸ್ಪತ್ರೆಗೆ ಹೋಗುತ್ತಾರೆ. ಆಸರೆ ಇಲ್ಲದ ನಮಗಿರುವುದು ಹಿಂದುಗಡೆಯ ತುರ್ತುಬಾಗಿಲು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಅದು ತೆರೆಯುತ್ತದೆ. ನನ್ನ ಗಂಡ ಮಂಕಾಳ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ, ಪದೇ ಪದೇ ಡಯಾಲಿಸಿಸ್ ಆಗಬೇಕು. ಬಾಗಿಲಿನ ಯಂತ್ರ ಮೊದಲು ಅವರ ರಕ್ತದ ಪೊಟ್ಯಾಷಿಯಂ ನೋಡುತ್ತದೆ. ಅದು ಹೃದಯ ನಿಲ್ಲಿಸುವಷ್ಟು ಏರಿದ್ದರೆ ಒಳಗೆ ಕರೆಯುತ್ತಾರೆ. ಇಲ್ಲವಾದರೆ ನರ್ಸ್ ಪ್ರಭಾವತಿ ತಲೆ ತಗ್ಗಿಸಿ, “ಇನ್ನೂ ಆಗಿಲ್ಲ ಕಣಮ್ಮ, ನಾಳೆ ಬನ್ನಿ” ಅನ್ನುತ್ತಾರೆ. ಪಾಪ, ಅವರೇನು ಮಾಡಿಯಾರು.

ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬಂದಿದೆ, ‘ಏರಿಸುವುದು’ ಅಂತ. ಎಳನೀರಿನಲ್ಲಿ ಪೊಟ್ಯಾಷಿಯಂ ಹೆಚ್ಚು. ಈ ಕಾಯಿಲೆಯವರಿಗೆ ಅದು ವಿಷ. ಬಾಗಿಲಿಗೆ ಹೋಗುವ ಮುಂಚೆ ಅದನ್ನೇ ಕುಡಿಸುತ್ತೇವೆ. ನಿಮ್ಮ ಕಾಲದಲ್ಲಿ ಹುಷಾರಿಲ್ಲದವರಿಗೆ ಗುಣವಾಗಲಿ ಎಂದು ಎಳನೀರು ಒಯ್ಯುತ್ತಿದ್ದಿರಂತೆ. ಇಲ್ಲಿ ನೆರೆಯವರು ತಂದುಕೊಡುವುದು ಕಾಯಿಲೆ ಹೆಚ್ಚಲಿ ಎಂದು, ಅದೂ ಪ್ರೀತಿಯಿಂದಲೇ. ಕಡಿಮೆಯಾದರೆ ಬಾಗಿಲು ತೆರೆಯದು. ಹೆಚ್ಚಾದರೆ, ತೆರೆದೂ ಪ್ರಯೋಜನವಿಲ್ಲ. ಹೋದ ತಿಂಗಳು ಪಕ್ಕದ ಮನೆಯ ದೇವಕಿ ತನ್ನ ತಮ್ಮನಿಗೆ, ಈ ಸಲವಾದರೂ ಒಳಗೆ ಕರೆಯಲಿ ಎಂದು ತುಸು ಹೆಚ್ಚೇ ಕುಡಿಸಿದಳು. ಅವನು ಸಾಲಿನಲ್ಲೇ ಕುಸಿದು ಸತ್ತ.

ಬೆಳಿಗ್ಗೆ ನಮ್ಮನ್ನು ವಾಪಸ್ ಕಳಿಸಿದರು. ಮತ್ತೆ ಸಾಲಿಗೆ ನಿಲ್ಲಲೆಂದು ಆಸ್ಪತ್ರೆಯ ಗೋಡೆಗೊರಗಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿರುವ ನನ್ನ ಗಂಡನ ಕಾಲುಗಳು ಬಾತಿವೆ, ಏದುಸಿರು ಬರುತ್ತಿದೆ.

ನಿಮ್ಮಲ್ಲಿ ಕೇಳುವುದಿಷ್ಟೇ. ಇಂಥ ಬಾಗಿಲು ನಿಮ್ಮ ಕಾಲದಲ್ಲೂ ಎಲ್ಲಾದರೂ ಇದ್ದರೆ, ಪರವೂರಿನಿಂದ ಬಂದವರು ನೋವು ಸಣ್ಣದಿರುವಾಗಲೇ ಬಂದು ನಿಂತರೆ, ಒಳಗೆ ಕರೆಯಿರಿ. ಸಾಯುವಷ್ಟಾದ ಮೇಲೆ ಬಾ ಅನ್ನಬೇಡಿ.

ನನ್ನ ಗಂಡ ಎಳನೀರಿನ ಲೋಟ ಚಾಚಿದ್ದಾರೆ. “ಇನ್ನೊಂದ್ ಚೂರು ಹಾಕೆ ತುಳಸಿ, ಇಲ್ದಿರೆ ಮತ್ತೆ ವಾಪಸ್ ಕಳಸ್ತ್ರು” ಅನ್ನುತ್ತಿದ್ದಾರೆ. ಬರೆಯುವುದನ್ನು ನಿಲ್ಲಿಸುತ್ತೇನೆ, ಸುರಿಯಬೇಕು. ಎಷ್ಟಕ್ಕೆ ಸಾಕು ಎಂದು ಹೇಳಬಲ್ಲವರೆಲ್ಲ ಈ ಗೋಡೆಯ ಆಚೆ ಇದ್ದಾರೆ.