ಮುಂದಿನವರ ಸುಣ್ಣ

ಕರಡಿಬಾರೆ ರಾಷ್ಟ್ರೀಯ ಉದ್ಯಾನ
ಫೆಬ್ರವರಿ ೩೦, ೨೩೧೪

ಆನೆಲಾಯದ ಹಿಂಗೋಡೆಯ ಮುಂದೆ ಸಿಮೆಂಟ್ ಚೀಲ ಇಟ್ಟುಕೊಂಡು ನಿಂತಿರುವ ಹಿರಿಯರಿಗೆ, ಗಾರೆ ಕೆಲಸದ ಕೇತಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಹಬ್ಬಕ್ಕೆಂದು ಕೂಡಿಟ್ಟಿದ್ದೇವೆ. ನನ್ನ ಮಾತಿನಲ್ಲೂ ಒಂದೆರಡು ಪದ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರೇ ಇರಬಹುದು. ಆದರೂ ಹೆಚ್ಚುಕಡಿಮೆ ಮುನ್ನೂರು ವರ್ಷ ಮೊದಲೇ ಹುಟ್ಟಿದವರನ್ನು ಏಕವಚನದಲ್ಲಿ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ಅದು ಅಂಚೆಯವರ ತಲೆನೋವು.

ನಮ್ಮ ಕಾಲದಲ್ಲಿ ಕಾಡಿಗೆ ಎರಡು ಕಾಲ. ಮಳೆ ನಿಂತಾಗಿನಿಂದ ಹುಲ್ಲು ಒಣಗುವ ತನಕ ಒಳಗಾಲ. ಆಗ ಮಾತ್ರ ನಮ್ಮಂಥವರಿಗೆ ಒಳಗೆ ಬರಲು ಅಪ್ಪಣೆ. ಉಳಿದದ್ದೆಲ್ಲ ಹೊರಗಾಲ, ಪ್ರಾಣಿಗಳದ್ದು. ಒಳಗಾಲ ಶುರುವಾದ ಕೂಡಲೇ ನಾವು ಕರಣೆ, ಮಟ್ಟಗೋಲು, ರಾಗಿ ಹಿಟ್ಟಿನ ಮೂಟೆ ಹೊತ್ತು ನಡೆದು ಬರುತ್ತೇವೆ. ಬೆಂಕಿ ಹಚ್ಚುವ ಹಾಗಿಲ್ಲ, ಬಿಸಿಲೊಲೆಯಲ್ಲೇ ಮುದ್ದೆ ಬೇಯಬೇಕು. ಮೋಡ ಕವಿದ ದಿನ ಹಸಿಹಿಟ್ಟು ನುಂಗಿ ದೇವರನ್ನು ಬೈಯುತ್ತೇವೆ. ನಿಮ್ಮ ಕಾಲದವರು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಆನೆಗಳ ಮರದ ಗಂಟೆ, ಕಾಲುಸರಪಳಿಗಳನ್ನೆಲ್ಲ ಹೊರತೆಗೆದು ಹೊಂಗೆ ಎಣ್ಣೆ ಸವರಿ ಮತ್ತೆ ಒಳಗಿಡುತ್ತೇವೆ. ನಮ್ಮ ಕಾಲದ ಆನೆಗಳಿಗೆ ಸರಪಳಿ ಎಂದರೇನೆಂದೇ ಗೊತ್ತಿಲ್ಲ. ಮನುಷ್ಯರ ಜೊತೆ ಬಾಳಿದ ಆನೆಗಳ ಹೆಸರು ಉಳಿದಿರುವುದು ಲಾಯದ ಹಿಂಗೋಡೆಯ ಒಳಮೈಯಲ್ಲಿ ಮಾತ್ರ. ಹಳೆಯ ಮಾವುತರು ಹಸಿ ಗಾರೆಯ ಮೇಲೆ ಕಡ್ಡಿಯಲ್ಲಿ ಗೀಚಿದ ಹೆಸರುಗಳು ಅಲ್ಲಿವೆ: ಒಂಟಿಕೋರೆ ಭೈರ, ಮಂದಾಕಿನಿ, ಕಬ್ಬುಗಳ್ಳಿ ಲಚುಮಿ. ನನ್ನ ಮೊಮ್ಮಗಳಿಗೆ ಮಂದಾಕಿನಿ ಎಂದೇ ಹೆಸರಿಟ್ಟಿದ್ದೇವೆ. ತೂಕದಲ್ಲೂ ಅವಳು ಹೆಸರಿಗೆ ಮೋಸ ಮಾಡಿಲ್ಲ.

ಈ ಸಲ ಆ ಗೋಡೆ ಕೈಬಿಟ್ಟು ಹೋಗುವುದರಲ್ಲಿತ್ತು. ನಮ್ಮಲ್ಲಿ ಕಾಡುಪಾಲು ಎಂಬ ಕ್ರಮವಿದೆ. ಒಳಗಾಲದ ಕೊನೆಯ ದಿನ ಪರೀಕ್ಷಕರು ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಟಕಟಕ ಎಂದರೆ ಗಾರೆ ಗೋಡೆಯನ್ನು ಹಿಡಿದಿದೆ. ಡಬಡಬ ಎಂದರೆ ಒಳಗೆ ಟೊಳ್ಳು. ಟೊಳ್ಳಾದ ಕಟ್ಟಡ ಕಾಡುಪಾಲು. ಅಂದಿನಿಂದ ಅದನ್ನು ಯಾರೂ ಮುಟ್ಟುವಂತಿಲ್ಲ, ಬೇರು ಬಿಟ್ಟರೂ ಬಿದ್ದರೂ ಕಾಡಿನ ಇಷ್ಟ. ಹೋದ ವರ್ಷವೇ ಹಿಂಗೋಡೆ ಅರ್ಧ ಡಬಡಬ ಎಂದಿತ್ತು. ಒಂದೇ ಒಂದು ಒಳಗಾಲದ ಗಡುವು ಕೊಟ್ಟಿದ್ದರು.

ಕೆಟ್ಟದ್ದು ಯಾಕೆಂದು ನಮಗೆ ಗೊತ್ತಿತ್ತು. ಹೊರಮೈಯ ಬುಡದಲ್ಲಿ, ಬೂದು ಬಣ್ಣದ ಆ ಸಿಮೆಂಟ್ ತೇಪೆ. ಸುಣ್ಣದ ಗೋಡೆ ಉಸಿರಾಡುತ್ತದೆ, ಕುಡಿದ ನೀರನ್ನು ತಾನೇ ಹೊರಗೆ ಬಿಡುತ್ತದೆ. ಸಿಮೆಂಟ್ ಅದರ ಬಾಯಿ ಮುಚ್ಚಿತು. ನೀರು ಒಳಗೊಳಗೇ ಮೇಲೇರಿ ಹೆಸರುಗಳ ಹಿಂದಿನ ಗಾರೆಯನ್ನೆಲ್ಲ ಸಡಿಲ ಮಾಡಿತು. ತೇಪೆಯ ಮೇಲೆ ೨೦೨೯ ಎಂದು ದೊಡ್ಡದಾಗಿ ಬೇರೆ ಗೀಚಿದ್ದೀರಿ, ಘನಕಾರ್ಯ ಮಾಡಿದವರ ಹಾಗೆ. ಚಾಣದಲ್ಲಿ ಅದನ್ನು ಕೀಳುವಾಗ ನಾನು ನಿಮ್ಮನ್ನು ಬೈದ ಬೈಗುಳ ಈ ಕಾಗದದಲ್ಲಿ ಬರೆಯುವಂಥದ್ದಲ್ಲ.

ಕಿತ್ತೆವು ಸರಿ, ಮೆತ್ತುವುದಕ್ಕೆ ಸುಣ್ಣವೆಲ್ಲಿ? ನಮ್ಮ ಹಿಂದಿನವರು ನೆನೆಹಾಕಿಟ್ಟದ್ದು ಮುಗಿದಿತ್ತು. ನಮ್ಮ ಕಾಲದಲ್ಲಿ ಗೂಡು ಹಾಕಿ ಸುಣ್ಣ ಸುಡುವವರಿಲ್ಲ. ಹೊರಗಿನಿಂದ ಕೊಡುವ ಹೊಸ ಸುಣ್ಣವನ್ನು ನೆನೆಹಾಕಿ, ಗಡುವಿನ ಭಯಕ್ಕೆ ಅದು ವರ್ಷಗಟ್ಟಲೆ ನೀರಿನಲ್ಲಿ ಕಳಿಯುವ ಮೊದಲೇ ಬಳಸಿದೆವು. ಗುಳ್ಳೆ ಎದ್ದು ಹಪ್ಪಳದ ಹಾಗೆ ಉದುರಿತು. ನನ್ನ ಜೊತೆಗಾರ ನಂಜೇದೇವ ಕರಣೆ ಕೆಳಗಿಟ್ಟು ಕೂತುಬಿಟ್ಟ. ಭೈರನ ಮಾವುತ ಅವನ ವಂಶದವನು. "ಬುಟ್ಬುಡಕ್ಕ, ನಮ್ ಲಾಯ ಕಾಡ್ಗೆ ವೋಯ್ತು" ಎಂದ. ನನಗೂ ಅಳು ಬಂತು, ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಅವನೇ ಕೂಗಿದ: "ಅಕ್ಕೋ, ಆ ಹಂದಿ ಯಾರ್ ಮನೆಗೆ ಸುಣ್ಣ ಬಳ್ದು ಬತ್ತಾ ಅದೆ?" ನೋಡಿದರೆ ಕಾಡುಹಂದಿಯೊಂದು ಮೂತಿ ಬೆಳ್ಳಗೆ ಮಾಡಿಕೊಂಡು, ಸೀನುತ್ತಾ ಲಾಯದ ಹಿಂದಿನಿಂದ ಬರುತ್ತಿತ್ತು. ಅದು ಮೂತಿ ಹಾಕಿ ಕೆದರಿದ ಜಾಗವನ್ನು ಅಗೆದೆವು. ಜೇಡಿಮಣ್ಣು, ಅದರಡಿ ಮೂಲೆ ಒಡೆದ ಒಂದು ಚಪ್ಪಡಿ, ಚಪ್ಪಡಿಯಡಿ ಗುಂಡಿ. ಗುಂಡಿಯ ತುಂಬ ನೀರು ನಿಂತ ಸುಣ್ಣ, ಬೆಣ್ಣೆಯಷ್ಟು ಮೆತ್ತಗೆ. ಮುನ್ನೂರು ವರ್ಷ ಕಳಿತ ಸುಣ್ಣವನ್ನು ನಮ್ಮಲ್ಲಿ ಯಾರೂ ಮುಟ್ಟಿದವರಿಲ್ಲ. ನಂಜೇದೇವ ಅದನ್ನು ಕೆನ್ನೆಗೆ ಹಚ್ಚಿಕೊಂಡು ನಕ್ಕ, ಆಮೇಲೆ ಉರಿ ಎಂದು ಕುಣಿದ.

ಚಪ್ಪಡಿಯ ಮೇಲೆ ಕೊರೆದಿತ್ತು: ಮುಂದಿನವರಿಗೆ, ೨೦೨೯. ಅದೇ ವರ್ಷ. ಒಂಬತ್ತರ ಬಾಲವನ್ನು ಎಡಕ್ಕೆ ಎಳೆಯುವ ಅದೇ ಕೈ.

ಆಗ ನನಗೆ ಅರ್ಥವಾಯಿತು. ಗೋಡೆಯ ಬುಡ ಕುಸಿದಾಗ ನಿಮ್ಮ ಹತ್ತಿರ ಸುಣ್ಣವಿತ್ತು. ಆದರೆ ಅದು ಮುಂದಿನವರದು ಎಂದು ಕಟ್ಟುಮಾಡಿಕೊಂಡಿರಿ. ಹಿಂದಿನವರು ನೆನೆಹಾಕಿದ್ದನ್ನು ಬಳಸಬೇಕು, ತಾನು ನೆನೆಹಾಕಿದ್ದನ್ನು ಮುಟ್ಟಬಾರದು ಎನ್ನುವುದು ಗಾರೆಯವರ ಪದ್ಧತಿ, ನಮ್ಮಲ್ಲೂ ಇದೆ. ಗಡುವಿನ ಭಯಕ್ಕೆ ನಾವು ಅದನ್ನು ಮುರಿದೆವು, ನೀವು ಮುರಿಯಲಿಲ್ಲ. ಹಿಂದಿನವರದು ಮುಗಿದಿತ್ತೇನೋ. ನಮ್ಮ ಪಾಲಿಗೆ ಕೈ ಹಾಕಲು ಮನಸ್ಸು ಬಾರದೆ ಸಿಮೆಂಟ್ ಮೆತ್ತಿದಿರಿ. ಗಾಯವೂ ನಿಮ್ಮದೇ, ಔಷಧಿಯೂ ನಿಮ್ಮದೇ. ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಮೊಂಡರು ಎಂಬುದೊಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದೆವು. ಬುಡಕ್ಕೆ ಮೆತ್ತಿ, ಬಡಿದು, ಹೆಸರುಗಳ ಹಿಂದಿನ ಟೊಳ್ಳಿಗೆ ತೆಳ್ಳಗೆ ಕಲಸಿ ಇಳಿಸಿ, ಒದ್ದೆ ಗೋಣಿ ಹೊದಿಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆವು. ಇವತ್ತು ಪರೀಕ್ಷಕಿ ಚಂದ್ರಕಾಂತಮ್ಮನವರು ಬಂದರು. ಬುಡದಿಂದ ಮೇಲಿನ ತನಕ ತಟ್ಟುತ್ತಾ ಹೋದರು. ನಂಜೇದೇವ ಗೋಡೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಂತಿದ್ದ. ಭೈರನ ಹೆಸರಿನ ಪಕ್ಕ ತಟ್ಟಿದಾಗಲೂ ಟಕಟಕ ಎಂದಿತು. "ಗಟ್ಟಿಯಾಗಿದೆ, ನಡೀರಿ, ಊಟ ಮಾಡೋಣ" ಎಂದರು ಆ ತಾಯಿ. ಎಷ್ಟು ಮುದ್ದೆ ತಿಂದೆನೋ ನೆನಪಿಲ್ಲ.

ನಾಳೆಯಿಂದ ಹೊರಗಾಲ. ಈ ಸಲದ ಹೊಸ ಸುಣ್ಣವನ್ನು ಪಕ್ಕದಲ್ಲೇ ಬೇರೆ ಗುಂಡಿ ತೋಡಿ ನೆನೆಹಾಕಿದ್ದೇವೆ, ನಮ್ಮ ಮುಂದಿನವರಿಗೆ. ಹೊರಡುವ ಮೊದಲು ನಿಮ್ಮಲ್ಲಿ ಒಂದು ಕೋರಿಕೆ. ಆ ಸಿಮೆಂಟ್ ಚೀಲ ಬಿಚ್ಚಬೇಡಿ. ಚಪ್ಪಡಿ ಸರಿಸಿ, ಎರಡು ಬಾಂಡ್ಲಿ ಸುಣ್ಣ ತೆಗೆದುಕೊಂಡು ಬುಡಕ್ಕೆ ಮೆತ್ತಿ, ಅಷ್ಟೇ ಸಾಕು ಆ ಜಾಗಕ್ಕೆ. ನಮಗೆ ಕಡಿಮೆ ಬೀಳುತ್ತದೆ ಎಂದು ಹೆದರಬೇಡಿ. ಇಡೀ ಗೋಡೆ ಮುಗಿದ ಮೇಲೂ ನಿಮ್ಮ ಗುಂಡಿಯ ತಳದಲ್ಲಿ ಎರಡು ಬಾಂಡ್ಲಿಯಷ್ಟು ಮಿಕ್ಕಿದೆ. ಅದನ್ನು ಯಾರೂ ಮುಟ್ಟಿಲ್ಲ. ಅದು ನಿಮ್ಮ ಪಾಲು.

ಇಂತಿ,
ಕೇತಮ್ಮ