ದುಡಿಯುವಾಗಿನ ಮೈಕಾವು

ಧೂಳು ತಿಂಗಳ ಮೂವತ್ತೈದು, ಇಸವಿ ೨೨೬೮
ಮುದಗಲ್ಲು ಗುಡ್ಡದ ಗವಿಯೂರು

ಎರಡು ಸಾವಿರದ ಇಪ್ಪತ್ತರ ಆಸುಪಾಸಿನ ಹಿರಿಯರಿಗೆ ಬಾಳವ್ವನ ನಮಸ್ಕಾರ.

ನನ್ನ ಅಕ್ಷರ ಸೊಟ್ಟಗಿದೆ, ಒತ್ತಕ್ಷರಗಳು ತಪ್ಪುತ್ತವೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು, ಕ್ಷಮಿಸಿ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದು ಧೂಳು ತಿಂಗಳು. ಗಾಳಿ ನಿಲ್ಲುವವರೆಗೂ ಅದು ಮುಗಿಯುವುದಿಲ್ಲ. ನೀವು ಪ್ರೊಸೆಸರ್ ಅನ್ನುತ್ತಿದ್ದುದನ್ನು ನಾವು ಎಣಿಕೆಯವ್ವ ಅನ್ನುತ್ತೇವೆ, ಅದರ ಬಿಸಿಗೆ ಮೈಕಾವು.

ಊರಿಗೆ ಎರಡು ಎಣಿಕೆಯವ್ವ ಇದ್ದವು. ಧೂಳಿನ ಗಾಳಿ ಯಾವಾಗ ಬರುತ್ತದೆಂದು ಲೆಕ್ಕ ಹಾಕುತ್ತಿದ್ದದ್ದು ಹೋದ ವಾರ ಸತ್ತಿತು. ಉಳಿದದ್ದು ನೀರಿನ ತೊಟ್ಟಿಗಳನ್ನು ಕಾಯುತ್ತದೆ, ಕೂಸುಮನೆಗೆ ಗಾಳಿ ಊದಿಸುತ್ತದೆ. ಕೂಸುಮನೆ ಅಂದರೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಮಲಗಿಸುವ ಗಾಜಿನ ಕೋಣೆ. ಅಲ್ಲೀಗ ನನ್ನ ಅಕ್ಕ ನೀಲವ್ವನ ಮಗಳಿದ್ದಾಳೆ. ಇನ್ನೂ ಹೆಸರಿಟ್ಟಿಲ್ಲ. ಬಿಸಿ ಮಿತಿಮೀರಿದರೆ ಎಣಿಕೆಯವ್ವ ತಾನೇ ನಿಂತುಬಿಡುತ್ತದೆ. ಮತ್ತೆ ಎಬ್ಬಿಸುವಷ್ಟರಲ್ಲಿ ಒಂದು ಪಾತ್ರೆ ಅನ್ನ ಬೇಯುತ್ತದೆ. ಅಷ್ಟು ಹೊತ್ತು ಆ ಕೂಸು ತಾಳಲಾರದು.

ಸತ್ತ ಯಂತ್ರದ ಗಾಳಿ ಲೆಕ್ಕವನ್ನೂ ಇದಕ್ಕೇ ಹೊರಿಸಬೇಕೆಂದು ಊರವರು ಗೊತ್ತುಮಾಡಿದರು. ತಡೆಯುತ್ತದೆಯೇ ಎಂದು ಮೈಕಾವು ನೋಡುವ ಕೆಲಸ ಈರಭದ್ರಕಾಕಾ ಅವರದು, ಅವರ ಕೈಕೆಳಗೆ ನನ್ನದು. ನಮ್ಮಲ್ಲಿ 'ಕೂಡ್ರಿಸಿ ನೋಡುವುದು' ಎಂಬ ಪದ್ಧತಿ ಇದೆ. ಉಣ್ಣುವವರ, ದುಡಿಯುವವರ ಹಣೆ ಮುಟ್ಟಿ ನೋಡುವುದು ಮರ್ಯಾದೆಯಲ್ಲ. ಹಾಗೆಯೇ ಎಣಿಕೆಯವ್ವನ ಕೆಲಸಗಳನ್ನು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಬಿಸಿ ಓದುತ್ತೇವೆ. ಯಾವ ಕೆಲಸ ಕೊಟ್ಟರೂ ನಲವತ್ತೆಂಟು ಡಿಗ್ರಿ, ಹೆಚ್ಚೆಂದರೆ ಐವತ್ತು. ಎಲ್ಲರೂ ನಿಶ್ಚಿಂತೆಯಿಂದ ಇದ್ದರು.

ಮೊನ್ನೆ ನಾನು ಕೂಡ್ರಿಸಲು ಮರೆತೆ. ಕೂಸುಮನೆಗೆ ಒಮ್ಮೆ ಗಾಳಿ ಊದಿ ಮತ್ತೆ ಊದುವ ನಡುವೆ, ನೀರಿನ ಕೆಲಸ ಒಂದೇ ಇದ್ದಾಗ ಐವತ್ತೆರಡು ಡಿಗ್ರಿ. ಕೂಸುಮನೆಯದೂ ಸೇರಿದಾಗ ಎಪ್ಪತ್ತೊಂದು. ಪರೀಕ್ಷೆಗೆಂದು ಗಾಳಿ ಲೆಕ್ಕ ಸೇರಿಸಿದಾಗ ಎಂಬತ್ತೊಂಬತ್ತು, ಇನ್ನೂ ಏರುತ್ತಲೇ ಇತ್ತು. ಎಲ್ಲವನ್ನೂ ಕೂಡ್ರಿಸಿದ್ದೇ ತಡ, ಅಂಕಿ ಸರ್ರನೆ ಐವತ್ತಕ್ಕೆ ಇಳಿಯಿತು. ಇಷ್ಟು ವರ್ಷ ನಾವು ಓದಿದ್ದು ಬರೀ ದಣಿವಾರಿದ ಮೇಲಿನ ಬಿಸಿ.

ಹೇಳಬೇಕೆಂದು ಕಾಕಾ ಅವರ ಬಾಗಿಲ ತನಕ ಹೋಗಿ ಹೋಗಿ ತಿರುಗಿ ಬಂದೆ. ಕೊನೆಗೆ ಅವರೇ ಕೂಗಿದರು. "ಏನಬೇ ಬಾಳವ್ವಾ, ಬಾಗಲಾ ಅಳತೀ ಮಾಡಾಕ ಬಂದೀಯೇನು?"

ಹೇಳಿದೆ. ನಕ್ಕರು. "ದುಡಿಯೋರ ಮೈ ಬಿಸಿ ಇರೂದಾ ಹುಚ್ಚಿ. ಅದೇನು ಜ್ವರ ಅಲ್ಲ."

"ಯಾವದು ಜ್ವರ, ಯಾವದು ದುಡಿತ, ಹೆಂಗ ತಿಳೀಬೇಕು ಕಾಕಾ?"

ಅವರ ನಗು ನಿಂತಿತು. ಮಿತಿ ಎಷ್ಟೆಂದು ಯಂತ್ರಕ್ಕೆ ಅಂಟಿಸಿದ್ದ ಚೀಟಿ ಅವರ ಅಜ್ಜನ ಕಾಲಕ್ಕೇ ಸವೆದುಹೋಗಿದೆ. ತೊಂಬತ್ತೋ ನೂರೋ, ಇಬ್ಬರಿಗೂ ಗೊತ್ತಿಲ್ಲ.

ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ನೀವು ಇಂಥವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಿರಂತೆ. ಅವು ದುಡಿಯುತ್ತಿರುವಾಗಲೇ ಬಿಸಿ ನೋಡಿ. ಯಾವ ಕೆಲಸಕ್ಕೆ ಎಷ್ಟು ಏರುತ್ತದೆ, ಎಲ್ಲಿಗೆ ಸಾಕು ಅನ್ನಬೇಕು, ಅದನ್ನು ತಗಡಿನಲ್ಲಿ ಕೊರೆದು ಇಡಿ. ಚೀಟಿ ಅಂಟಿಸಬೇಡಿ.

ನಿನ್ನೆ ಸಂಜೆ ಊರ ಸಭೆ ಸೇರಿತು. ಕಾಕಾ ಎದ್ದು ನಿಂತು, "ಗಾಳಿ ಲೆಕ್ಕ ಬ್ಯಾಡ, ತಗೀರಿ. ಧೂಳ ಬಂದದ್ದು ಮೂಗಿಗೇ ತಿಳೀತದ" ಅಂದರು. ಕೆಲವರು ನಕ್ಕರು, ಕೆಲವರು ಬೈದರು, ಕೊನೆಗೆ ಒಪ್ಪಿದರು. ಇನ್ನು ಧೂಳು ಯಾವಾಗ ಬರುತ್ತದೆಂದು ಮೊದಲೇ ಹೇಳುವವರು ಊರಲ್ಲಿ ಯಾರೂ ಇಲ್ಲ. ಕೂಸಿನ ಉಸಿರಿಗಾಗಿ ಇಡೀ ಊರು ಕುರುಡಾಗಿದೆ. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ತಿಳಿಯದು.

ಇವತ್ತು ಬೆಳಿಗ್ಗೆ ಅಕ್ಕ ಏಳುವ ಮೊದಲೇ ಕೂಸುಮನೆಗೆ ಹೋಗಿ, ಧೂಳು ನುಗ್ಗದಂತೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಬಂದೆ.