ಗಿಲಕಿ ಬೀರುವಿನ ಮೇಲಿದೆ

ಮಾರ್ಚ್ ೯, ಬೆಳಿಗ್ಗೆ ಏಳು ಗಂಟೆ.

ಮಗಳೇ,

ಈ ಬೆಳಿಗ್ಗೆ ನೀನು ಮಲಗಿದ್ದಾಗ ನಿನ್ನ ಕೂಸು ನನ್ನನ್ನು ನೋಡಿ ನಾಲ್ಕು ಬಾರಿ ಮುಖ ತಿರುಗಿಸಿತು. ನಾಲ್ಕು ಬಾರಿಯೂ ತಾನಾಗಿಯೇ ಮತ್ತೆ ನನ್ನತ್ತ ನೋಡಿತು. ಲೆಕ್ಕ ಸರಿಯಿದೆ.

"ಇವನಿಗೆ ನಾನಂದ್ರೆ ಆಗಲ್ಲ ಅಪ್ಪ" ಎಂದು ನಿನ್ನೆ ನೀನು ಅತ್ತುಬಿಟ್ಟೆ. ಅವನು ಮುಖ ತಿರುಗಿಸಿದಾಗಲೆಲ್ಲ ನಾವು ಗಿಲಕಿ ಆಡಿಸಿದೆವು. ಅವನು ಇನ್ನಷ್ಟು ರಂಪ ಮಾಡಿದ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ನಮ್ಮ ಮುಖ ನೋಡುವುದೂ ಒಮ್ಮೊಮ್ಮೆ ಹೆಚ್ಚಾಗಿ ದಣಿವಾಗುತ್ತದಂತೆ. ಆಸ್ಪತ್ರೆಯಿಂದ ವಾರಕ್ಕೊಮ್ಮೆ ಮಗುವನ್ನು ನೋಡಲು ಬರುವ ಮೇಡಂ ಹೇಳಿದ್ದರಲ್ಲ, "ಅಜ್ಜಾ, ಅದು ಮುನಿಸಲ್ಲ, ಸುಧಾರಿಸ್ಕೊಳ್ತಿದಾನೆ. ಸ್ವಲ್ಪ ಸುಮ್ನಿರಿ" ಎಂದು. ಇಂದು ನಾನು ಸುಮ್ಮನಿದ್ದೆ.

ಗಿಲಕಿಯನ್ನು ಬೀರುವಿನ ಮೇಲಿಟ್ಟಿದ್ದೇನೆ. ತಂದವನೂ ನಾನೇ, ಎತ್ತಿಟ್ಟವನೂ ನಾನೇ, ಇಳಿಸಬೇಡ.

ಹಾಲು ಕಾಯಿಸಿದ್ದೇನೆ, ಮೊದಲು ನೀನು ಕುಡಿ. ಕೂಸು ಎದ್ದಾಗ ತೊಡೆಯ ಮೇಲೆ ಮಲಗಿಸಿಕೋ. ಮುಖ ತಿರುಗಿಸಿದರೆ ಬಾಯಿಗೆ ಬೀಗ ಹಾಕಿಕೊಂಡು ಕಾದಿರು.

ಮೇಡಂ ಹತ್ತಕ್ಕೆ ಬರುತ್ತಾರೆ. "ಚೆನ್ನಾಗಿದೀನಿ" ಎಂದು ಸುಳ್ಳು ಹೇಳಬೇಡ. ಅವರು ಬರುವುದು ನಿನಗಾಗಿಯೂ ಹೌದು.

ನಾಲ್ಕನೆಯ ಬಾರಿ ನನ್ನತ್ತ ನೋಡಿದಾಗ ಅವನು ನಗಲೆಂದು ತುಟಿ ಅರಳಿಸಿದ್ದ. ಅಷ್ಟರಲ್ಲಿ ನಿದ್ದೆ ಬಂತು. ಆ ನಗು ಇನ್ನೂ ಬಾಕಿಯಿದೆ. ಅದು ನಿನಗೇ ಸಲ್ಲಲಿ. ವಸೂಲಿಗೆ ಅವಸರ ಮಾಡಬೇಡ.

ಅಪ್ಪ